ಹಾಡುವ ಕೌಬಾಯ್‌ಗಳ ಆ ಅಗ್ಗದ ಚಿತ್ರಗಳಲ್ಲಿ ಅಂಥದ್ದೇನಿದೆ?

ಕುದುರೆಗೊರಸು, ಶಿವಮೊಗ್ಗ

ಒಂದು ವರ್ಷದಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ 1930–40ರ ದಶಕದ ಅಮೆರಿಕದ ಹಾಡುವ ಕೌಬಾಯ್ ಚಿತ್ರವೊಂದನ್ನು ಹಾಕಿಕೊಂಡು ಕೂರುತ್ತೇನೆ. ಜೀನ್ ಆಟ್ರಿ, ರಾಯ್ ರೋಜರ್ಸ್, ಟೆಕ್ಸ್ ರಿಟ್ಟರ್ ಇವರದ್ದು. ಹೆಚ್ಚಿನವು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ. ಹತ್ತನೇ ನಿಮಿಷಕ್ಕೇ ಕಥೆಯೆಲ್ಲ ಗೊತ್ತಾಗುತ್ತದೆ: ಮೀಸೆಯ ಸಾಹುಕಾರ ಕಳ್ಳ, ಮುದುಕ ರೈತ ಸಜ್ಜನ, ಅವನ ಮಗಳು ಮೊದಲು ನಾಯಕನ ಮೇಲೆ ಸಿಟ್ಟಾಗುತ್ತಾಳೆ, ಕೊನೆಗೆ ನಗುತ್ತಾಳೆ. ಅದೇ ಬಂಡೆ, ಅದೇ ತಿರುವು, ಅದೇ ಧೂಳು.

ಆದರೂ ಬಿಡಲಾಗುವುದಿಲ್ಲ. ಮೊನ್ನೆ ನೋಡಿದ ಒಂದು ದೃಶ್ಯ ಹೇಳುತ್ತೇನೆ. ಆಟ್ರಿ ಕುದುರೆಯ ಮೇಲೆ ಕುಳಿತೇ ಗಿಟಾರ್ ಹಿಡಿದು ಹಾಡುತ್ತಿದ್ದಾನೆ, ಲಗಾಮು ಸಡಿಲವಾಗಿ ಕುದುರೆಯ ಕೊರಳ ಮೇಲೆ ಬಿದ್ದಿದೆ. ಪ್ರತಿ ಸಾಲು ಮುಗಿದಾಗಲೂ ಕುದುರೆಯ ಎಡಕಿವಿ ಹಿಂದಕ್ಕೆ, ಅವನ ಕಡೆಗೆ ಹೊರಳುತ್ತದೆ. ಅದಕ್ಕೆ ಯಾರೂ ನಟನೆ ಕಲಿಸಿರಲಿಕ್ಕಿಲ್ಲ. ಅದನ್ನೇ ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

ಈ ಚಿತ್ರಗಳಲ್ಲಿ ಏನಿದೆ? ನಿಮ್ಮಲ್ಲಿ ಇನ್ನಾರಾದರೂ ನೋಡುತ್ತೀರಾ?

ತುಂಗಾತೀರ

ನೋಡುತ್ತೇನೆ. ನನ್ನ ಹಾಗೆ ಇನ್ನೊಬ್ಬರು ಇದ್ದಾರೆಂದು ಇವತ್ತು ತಿಳಿಯಿತು. ಬಹಳ ಸಂತೋಷವಾಯಿತು.

ಸಿನಿಮಾ ಮೇಷ್ಟ್ರು

ಕುದುರೆಯ ಕಿವಿ ಸರಿ, ಆದರೆ ಚಿತ್ರವೆಂದು ಕರೆಯಲು ಅಷ್ಟೇ ಸಾಕೇ? ಇವೆಲ್ಲ ಕಾರ್ಖಾನೆಯ ಸರಕು. ವಾರಕ್ಕೊಂದು ಬಿಡುಗಡೆಯಾಗಬೇಕು, ಟಿಕೆಟ್ ದರ ಕಡಿಮೆ ಇರಬೇಕು, ಮಕ್ಕಳು ಶನಿವಾರ ಮಧ್ಯಾಹ್ನ ಬಂದು ಕೂಗಾಡಬೇಕು. ಪಶ್ಚಿಮ ಅಮೆರಿಕದ ನಿಜವಾದ ಕಥೆ ರಕ್ತದ್ದು, ಭೂಮಿ ಕಸಿದುಕೊಂಡದ್ದು. ಅದರ ಮೇಲೆ ಗಿಟಾರ್ ಬಾರಿಸಿ ಸಕ್ಕರೆ ಸವರಿದವರು ಇವರು.

ಹಳೆಯ ರೀಲು

ಮೇಷ್ಟ್ರೇ, ಕಾರ್ಖಾನೆಯ ಸರಕು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಕಾರ್ಖಾನೆ ಹೇಗೆ ನಡೆಯುತ್ತಿತ್ತೆಂದು ನೋಡಿದರೆ ಗೌರವ ಹುಟ್ಟುತ್ತದೆ.

ರಿಪಬ್ಲಿಕ್ ಪಿಕ್ಚರ್ಸ್ ಹುಟ್ಟಿದ್ದು 1935ರಲ್ಲಿ. ಹರ್ಬರ್ಟ್ ಯೇಟ್ಸ್ ಎಂಬಾತ ಫಿಲ್ಮ್ ಸಂಸ್ಕರಿಸುವ ಪ್ರಯೋಗಾಲಯದ ಮಾಲೀಕ. ಸಣ್ಣಪುಟ್ಟ ನಿರ್ಮಾಣ ಸಂಸ್ಥೆಗಳು ಅವನಿಗೆ ಸಾಲ ಉಳಿಸಿಕೊಂಡಿದ್ದವು. ಅವುಗಳಲ್ಲಿ ಕೆಲವನ್ನು ಸೇರಿಸಿ ಒಂದು ಕಂಪನಿ ಕಟ್ಟಿದ. ಅದೇ ವರ್ಷ ಆಟ್ರಿ ಮೊದಲ ಬಾರಿ ಪೂರ್ಣ ಪ್ರಮಾಣದ ನಾಯಕನಾದ. ಅದಕ್ಕೂ ತುಸು ಮುಂಚೆ ಅವನು 12 ಕಂತುಗಳ ಒಂದು ಧಾರಾವಾಹಿ ಚಿತ್ರದಲ್ಲಿದ್ದ. ಭೂಮಿಯ ಕೆಳಗೊಂದು ಗುಪ್ತನಗರ, ಅಲ್ಲಿ ರೋಬೋಟ್‌ಗಳು, ರಾಣಿ. ನಾಯಕ ಅಲ್ಲಿಂದ ಹೇಗಾದರೂ ತಪ್ಪಿಸಿಕೊಂಡು ಬಂದು ರೇಡಿಯೋದಲ್ಲಿ ಹಾಡಲೇಬೇಕು, ಇಲ್ಲದಿದ್ದರೆ ಒಪ್ಪಂದ ರದ್ದಾಗಿ ರ‍್ಯಾಂಚ್ ಕೈತಪ್ಪುತ್ತದೆ! ಇಂಥ ಧೈರ್ಯ ದೊಡ್ಡ ಸ್ಟುಡಿಯೋಗಳಿಗೆ ಎಲ್ಲಿತ್ತು?

ಹಣವಿಲ್ಲದಾಗ ಏನು ಮಾಡುತ್ತಿದ್ದರು ನೋಡಿ. ಜಾನುವಾರುಗಳು ದಿಕ್ಕೆಟ್ಟು ಓಡುವ ದೃಶ್ಯವನ್ನು ಹಳೆಯ ಚಿತ್ರದಿಂದ ಕತ್ತರಿಸಿ ತಂದು ಅಂಟಿಸುತ್ತಿದ್ದರು. ರಾತ್ರಿಯ ದೃಶ್ಯವನ್ನು ಹಗಲಲ್ಲೇ ಫಿಲ್ಟರ್ ಹಾಕಿ ತೆಗೆಯುತ್ತಿದ್ದರು. ಅದಕ್ಕೇ ಆ ರಾತ್ರಿಗಳಲ್ಲಿ ಎಲ್ಲರಿಗೂ ಗಾಢ ನೆರಳು ಇರುತ್ತದೆ. ಆದರೆ ಕುದುರೆ ನಾಗಾಲೋಟದಲ್ಲಿರುವಾಗ ಪಕ್ಕದಲ್ಲೇ ಕಾರಿನಲ್ಲಿ ಕ್ಯಾಮೆರಾ ಇಟ್ಟು ತೆಗೆದ ಓಟದ ದೃಶ್ಯಗಳಿವೆಯಲ್ಲ, ಅವಕ್ಕೆ ಇವತ್ತಿಗೂ ಸಾಟಿ ಕಡಿಮೆ.

ಒನ್ಸ್ ಮೋರ್, ಗದಗ

ಕಂಪನಿ ನಾಟಕ ನೋಡಿ ಬೆಳೆದವರಿಗೆ ಈ ಪ್ರಶ್ನೆಯೇ ಬರಬಾರದು. ನಮ್ಮ ಅಜ್ಜ ಹೇಳುತ್ತಿದ್ದರು: ಕತ್ತಿ ಹಿರಿದು ನಿಂತ ಪಾತ್ರಧಾರಿ ಹಾಡು ಶುರು ಮಾಡಿದರೆ ಯುದ್ಧ ನಿಲ್ಲುತ್ತಿತ್ತು, ಜನ ‘ಒನ್ಸ್ ಮೋರ್’ ಎಂದರೆ ಇನ್ನೊಮ್ಮೆ ನಿಲ್ಲುತ್ತಿತ್ತು. ಅದನ್ನು ಯಾರೂ ಅಸಂಗತವೆಂದು ಕರೆಯಲಿಲ್ಲ. ಹಾರ್ಮೋನಿಯಂ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮರುಭೂಮಿಯ ನಡುವೆ ಅಕಾರ್ಡಿಯನ್ ಎಲ್ಲಿಂದ ಬಂತು ಎಂದು ಕೇಳುವುದು ಇಂಗ್ಲಿಷ್ ವಿಮರ್ಶಕರ ಚಟ.

ಕುದುರೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ಜೀವಂತ ಆನೆ, ಕುದುರೆಗಳನ್ನೇ ತಂದಿದ್ದರು. ಅಮೆರಿಕದಲ್ಲಿ ಆಟ್ರಿ ಕುದುರೆಯೇರಿ ಹಾಡಲು ಶುರು ಮಾಡಿದ್ದೂ ಅದೇ ಕಾಲ.

ಸಿನಿಮಾ ಮೇಷ್ಟ್ರು

ನಾಟಕದ ರೂಢಿ ಬೇರೆ, ಸಿನಿಮಾದ ರೂಢಿ ಬೇರೆ. ಸಿನಿಮಾ ನಮಗೆ ನಿಜವಾದ ಬೆಟ್ಟ, ನಿಜವಾದ ಧೂಳು ತೋರಿಸಿ ಆಮೇಲೆ ಸುಳ್ಳು ಹೇಳುತ್ತದೆ. ದನ ಕಾಯುವವನು ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿದು ಕಸೂತಿ ಹಾಕಿದ ಬಿಳಿ ಅಂಗಿಯಲ್ಲಿ ಹಾಡುತ್ತಾನೆಯೇ?

ಗಿಟಾರ್ ಗಣೇಶ

ಅಂಗಿ ಸುಳ್ಳು, ಹಾಡು ಸುಳ್ಳಲ್ಲ. ನಿಜವಾದ ಕೌಬಾಯ್‌ಗಳು ಹಾಡುತ್ತಿದ್ದರು, ಅದೂ ಕೆಲಸದ ಭಾಗವಾಗಿ. ಸಾವಿರಾರು ದನಗಳನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಹೋಗುವಾಗ ರಾತ್ರಿ ಕಾವಲು ಇರುತ್ತಿತ್ತು. ಇಬ್ಬರು ಸವಾರರು ಮಲಗಿದ ಮಂದೆಯ ಸುತ್ತ ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತ ಸಣ್ಣ ದನಿಯಲ್ಲಿ ಹಾಡುತ್ತಿದ್ದರು. ಗುಡುಗಿಗೋ ಕಡ್ಡಿ ಮುರಿದ ಸದ್ದಿಗೋ ಬೆಚ್ಚಿ ಮಂದೆ ಎದ್ದು ಓಡಿದರೆ ಪ್ರಾಣಕ್ಕೇ ಅಪಾಯ. ಪರಿಚಿತ ದನಿ ಕಿವಿಗೆ ಬೀಳುತ್ತಿದ್ದರೆ ದನಗಳು ಬೆಚ್ಚುವುದಿಲ್ಲ. ಆ ಹಾಡುಗಳನ್ನು ಜ್ಯಾಕ್ ಥಾರ್ಪ್ 1908ರಲ್ಲಿ, ಜಾನ್ ಲೋಮ್ಯಾಕ್ಸ್ 1910ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಟೆಕ್ಸ್ ರಿಟ್ಟರ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಇಂಥ ಜನಪದ ಸಂಗ್ರಾಹಕರ ಒಡನಾಟದಲ್ಲಿದ್ದವನು. ಅವನ ದನಿಯಲ್ಲಿ ಆ ಒರಟು ಮಣ್ಣು ಕೇಳಿಸುತ್ತದೆ. 1952ರ ‘ಹೈ ನೂನ್’ ಚಿತ್ರಕ್ಕೆ ಶೀರ್ಷಿಕೆ ಗೀತೆ ಹಾಡಿದ್ದೂ ಅವನೇ.

ಮುಂಗಾರು

ನಮ್ಮ ಊರಿನಲ್ಲಿ ಹಸು ಕರೆಯುವಾಗ ಅಮ್ಮ ಗುನುಗುತ್ತಾರೆ. ನಿಲ್ಲಿಸಿದರೆ ಹಸು ಕಾಲು ಝಾಡಿಸುತ್ತದೆ. ಗಣೇಶ ಅವರ ಮಾತು ನೂರಕ್ಕೆ ನೂರು ನಿಜ.

ಕುದುರೆಗೊರಸು, ಶಿವಮೊಗ್ಗ

ಗಣೇಶ ಅವರೇ, ರಾತ್ರಿ ಕಾವಲಿನ ಹಾಡು ನನಗೆ ತಿಳಿದಿರಲಿಲ್ಲ. ಆ ಕುದುರೆಯ ಕಿವಿಯ ಅರ್ಥ ಈಗ ಹೊಳೆಯಿತು.

ಬಿಸಿಲ ಬೆಳೆ, ರಾಯಚೂರು

ಮೇಷ್ಟ್ರು ‘ಸಕ್ಕರೆ ಸವರಿದರು’ ಎಂದದ್ದಕ್ಕೆ ನನ್ನ ಆಕ್ಷೇಪವಿದೆ. ಈ ಚಿತ್ರಗಳನ್ನು ನಗರದ ದೊಡ್ಡ ಟಾಕೀಸುಗಳಿಗಾಗಿ ಮಾಡುತ್ತಿರಲಿಲ್ಲ. ದಕ್ಷಿಣದ, ಮಧ್ಯಪಶ್ಚಿಮದ ಸಣ್ಣ ಊರುಗಳ ರೈತಾಪಿ ಜನ ನೋಡುತ್ತಿದ್ದರು. ಆಗ ಅಲ್ಲಿ ಏನು ನಡೆಯುತ್ತಿತ್ತು? ಆರ್ಥಿಕ ಮಹಾಕುಸಿತ, ಅದರ ಮೇಲೆ ಬರ. ಹೊಲದ ಮೇಲ್ಮಣ್ಣೇ ಎದ್ದು ಹಾರಿ ಆಕಾಶ ಕಪ್ಪಾಗುತ್ತಿತ್ತು. ಬ್ಯಾಂಕು ಜಮೀನು ಜಪ್ತಿ ಮಾಡುತ್ತಿತ್ತು.

ಈಗ ಚಿತ್ರಗಳ ಖಳರನ್ನು ನೋಡಿ. ಸಾಲ ಕೊಟ್ಟು ಹೊಲ ನುಂಗುವವನು, ನೀರಿಗೆ ಬೇಲಿ ಹಾಕುವವನು, ಲಂಚ ತಿನ್ನುವ ರಾಜಕಾರಣಿ. ರಾಯ್ ರೋಜರ್ಸ್ ಮೊದಲು ನಾಯಕನಾದ 1938ರ ಚಿತ್ರ ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’. ಅದರಲ್ಲಿ ಬರಪೀಡಿತ ಜನರು ಅವನನ್ನು ಸಂಸತ್ತಿಗೆ ಆರಿಸಿ ಕಳಿಸುತ್ತಾರೆ. ಅವನು ಅಲ್ಲಿ ಕೇಳುವುದು ಒಂದೇ: ನೀರು. ಧೂಳಿನ ಬಗ್ಗೆ ಅವನು ಹಾಡುವ ಹಾಡು ಆಸ್ಕರ್‌ಗೆ ನಾಮನಿರ್ದೇಶನವಾಯಿತು. ನಾನು ಅದನ್ನು ನೋಡಿದ್ದು ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದೆ ಭತ್ತ ಒಣಗಿದ ವರ್ಷ. ಆ ಹಾಡು ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಜಾನ್ ಫೋರ್ಡ್‌ನ ಮಹಾನ್ ಚಿತ್ರಗಳನ್ನೂ ನೋಡಿದ್ದೇನೆ, ಮೆಚ್ಚಿದ್ದೇನೆ. ಅವುಗಳಲ್ಲಿ ಯಾವುದೂ ನನ್ನ ಹೊಲದ ಮಾತನ್ನು ಅಷ್ಟು ನೇರವಾಗಿ ಆಡಲಿಲ್ಲ.

ಹಳೆಯ ರೀಲು

ಆ ಚಿತ್ರ ಆಟ್ರಿಗೆಂದು ಇಟ್ಟದ್ದು. 1938ರಲ್ಲಿ ಅವನು ರಿಪಬ್ಲಿಕ್ ಸ್ಟುಡಿಯೋ ಜೊತೆ ಜಗಳವಾಡಿ ಹೊರನಡೆದಿದ್ದ. ಅವನ ದೂರು ಬರೀ ಸಂಬಳದ್ದಲ್ಲ. ಆಟ್ರಿ ಚಿತ್ರ ಬೇಕೆಂದರೆ ಸಣ್ಣ ಊರಿನ ಟಾಕೀಸಿನವನು ಸ್ಟುಡಿಯೋದ ಉಳಿದ ಚಿತ್ರಗಳನ್ನೂ ಕಟ್ಟಾಗಿ ಕೊಳ್ಳಬೇಕಿತ್ತು. ಅದು ಅನ್ಯಾಯವೆಂದು ಅವನ ವಾದ. ಸ್ಟುಡಿಯೋ ಅವನ ಜಾಗಕ್ಕೆ ಲಿಯೊನಾರ್ಡ್ ಸ್ಲೈ ಎಂಬ ಹುಡುಗನನ್ನು ತಂದು ರಾಯ್ ರೋಜರ್ಸ್ ಎಂದು ಹೆಸರಿಟ್ಟಿತು. ಆಮೇಲೆ ಇಬ್ಬರೂ ಬೆಳೆದರು. ಚಿತ್ರಮಂದಿರಗಳವರ ಮತದಾನದಲ್ಲಿ ವೆಸ್ಟರ್ನ್ ತಾರೆಯರ ಪೈಕಿ 1937ರಿಂದ 1942ರವರೆಗೆ ಆಟ್ರಿ ಮೊದಲಿಗ, 1943ರಿಂದ 1954ರವರೆಗೆ ರೋಜರ್ಸ್. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1998ರಲ್ಲಿ.

ಒಹಾಯೋ ಕನ್ನಡತಿ

ರಾಯ್ ರೋಜರ್ಸ್ ನಮ್ಮ ಊರಿನವರು! ಕೌಬಾಯ್ ಎಂದರೆ ಟೆಕ್ಸಸ್ ಎಂದುಕೊಳ್ಳುತ್ತಾರೆ, ಇವರು ಹುಟ್ಟಿದ್ದು ಸಿನ್ಸಿನಾಟಿಯಲ್ಲಿ, 1911ರಲ್ಲಿ. ಅವರು ಹುಟ್ಟಿದ ಮನೆಯಿದ್ದ ಜಾಗದಲ್ಲಿ ಮುಂದೆ ನದಿದಂಡೆಯ ಬೇಸ್‌ಬಾಲ್ ಕ್ರೀಡಾಂಗಣ ಎದ್ದಿತು, ಈಗ ಅದೂ ಇಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ, ಚಳಿಗಾಲದಲ್ಲಿ, ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು ಅವರ ಚಿತ್ರಗಳನ್ನು ತೋರಿಸುತ್ತಿದ್ದರು. ನನಗೆ ಇಂಗ್ಲಿಷ್ ಮಾತು ಅರ್ಧ ಅರ್ಥವಾಗುತ್ತಿತ್ತು, ಹಾಡು ಪೂರ್ತಿ ಅರ್ಥವಾಗುತ್ತಿತ್ತು. ಹಪ್ಪಳ ಕರಿದು ತೆಗೆದುಕೊಂಡು ಹೋಗುತ್ತಿದ್ದೆ. ಅಜ್ಜಿ ಈಗಿಲ್ಲ. ಆ ಪೆಟ್ಟಿಗೆಯ ಡಿವಿಡಿಗಳನ್ನು ನನಗೇ ಕೊಟ್ಟುಹೋದರು.

ತುಂಗಾತೀರ

ರೋಜರ್ಸ್‌ನ ಟ್ರಿಗರ್ ಕುದುರೆಯ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲವಲ್ಲ. ಎರೋಲ್ ಫ್ಲಿನ್ ನಟಿಸಿದ 1938ರ ರಾಬಿನ್ ಹುಡ್ ಚಿತ್ರದಲ್ಲಿ ಒಲಿವಿಯಾ ಡಿ ಹ್ಯಾವಿಲೆಂಡ್ ಏರಿದ ಹೊಂಬಣ್ಣದ ಕುದುರೆ ಅದೇ. ಆಗ ಅದರ ಹೆಸರು ಗೋಲ್ಡನ್ ಕ್ಲೌಡ್.

ಪಶುವೈದ್ಯೆ

ಕುದುರೆಗಳ ಮಾತು ಬಂದಿದೆ, ಒಂದು ಅಹಿತವಾದ ವಿಷಯ ಹೇಳಲೇಬೇಕು. ಆ ಕಾಲದ ಚಿತ್ರಗಳಲ್ಲಿ ಕುದುರೆಗಳು ಬೀಳುವ ದೃಶ್ಯಗಳಲ್ಲಿ ಎಷ್ಟೋ ಸಲ ಅವುಗಳ ಮುಂಗಾಲಿಗೆ ತಂತಿ ಕಟ್ಟಿ, ಓಡುವಾಗ ಎಳೆದು ಬೀಳಿಸುತ್ತಿದ್ದರು. ಕಾಲು ಮುರಿದ ಕುದುರೆಯನ್ನು ಕೊಲ್ಲಬೇಕಾಗುತ್ತಿತ್ತು. 1939ರಲ್ಲಿ ತೆರೆಕಂಡ ದೊಡ್ಡ ಸ್ಟುಡಿಯೋವೊಂದರ ಚಿತ್ರದ ಚಿತ್ರೀಕರಣದಲ್ಲಿ ಕುದುರೆಯೊಂದು ಬಂಡೆಯಂಚಿನಿಂದ ನೀರಿಗೆ ಬಿದ್ದು ಸತ್ತ ಮೇಲೆ ಗಲಾಟೆಯಾಗಿ, 1940ರಿಂದ ಪ್ರಾಣಿದಯಾ ಸಂಸ್ಥೆಯವರು ಚಿತ್ರೀಕರಣದ ಮೇಲೆ ಕಣ್ಣಿಡುವ ವ್ಯವಸ್ಥೆ ಬಂತು. ನಾಯಕನ ಕುದುರೆಗೆ ರಾಜೋಪಚಾರ, ಖಳನ ಹಿಂಬಾಲಕರ ಕುದುರೆಗೆ ತಂತಿ. ನಾನೂ ಈ ಹಾಡುಗಳನ್ನು ಇಷ್ಟಪಡುತ್ತೇನೆ. ಆದರೆ ಬೆನ್ನಟ್ಟುವ ದೃಶ್ಯದಲ್ಲಿ ಕುದುರೆ ಮುಂದಲೆ ಕೊಟ್ಟು ಮುಗ್ಗರಿಸಿದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಕುದುರೆಗೊರಸು, ಶಿವಮೊಗ್ಗ

ಡಾಕ್ಟರೇ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನು ಅಂಥ ದೃಶ್ಯಗಳನ್ನು ಮೆಚ್ಚಿ ನೋಡಿದ್ದೇನೆ. ಇನ್ನು ಮುಂದೆ ಹಾಗೆ ನೋಡಲಾಗದು. ಹೇಳಿದ್ದು ಒಳ್ಳೆಯದಾಯಿತು.

ಸಿನಿಮಾ ಮೇಷ್ಟ್ರು

ನಾನು ಹೇಳುತ್ತಿರುವುದೂ ಇದನ್ನೇ. ಹಾಡಿನ ಹಿಂದೆ ಏನನ್ನು ಮುಚ್ಚಲಾಗಿದೆ ಎಂದು ಕೇಳಬೇಕು. ಮೂಲನಿವಾಸಿಗಳೆಲ್ಲಿ? ಕಪ್ಪು ಕೌಬಾಯ್‌ಗಳೆಲ್ಲಿ? ದನ ಕಾಯ್ದವರಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ದೊಡ್ಡ ಸಂಖ್ಯೆಯಲ್ಲಿದ್ದರು. ‘ರ‍್ಯಾಂಚ್’, ‘ರೋಡಿಯೋ’ ಪದಗಳೇ ಸ್ಪ್ಯಾನಿಷ್‌ನಿಂದ ಬಂದವು.

ಹಳೆಯ ರೀಲು

ಕಪ್ಪು ಕೌಬಾಯ್ ಇಲ್ಲಿದ್ದಾನೆ ಮೇಷ್ಟ್ರೇ: ಹರ್ಬ್ ಜೆಫ್ರೀಸ್. ಅರ್ಲ್ ಹೈನ್ಸ್ ಜಾಝ್ ವಾದ್ಯವೃಂದದಲ್ಲಿ ಹಾಡುತ್ತಿದ್ದವನು, ಮುಂದೆ ಡ್ಯೂಕ್ ಎಲಿಂಗ್ಟನ್ ಜೊತೆಗೂ ಹಾಡಿದ. ಕಪ್ಪು ಮಕ್ಕಳು ಪ್ರತ್ಯೇಕ ಟಾಕೀಸುಗಳಲ್ಲಿ ಕುಳಿತು ಬಿಳಿ ನಾಯಕರನ್ನೇ ನೋಡುತ್ತಿದ್ದಾರೆ, ಅವರಿಗೂ ಒಬ್ಬ ಕೌಬಾಯ್ ಬೇಕೆಂದು ಹೊರಟ. 1937ರಲ್ಲಿ ಅವನ ಮೊದಲ ಚಿತ್ರ ಬಂತು, ಪೂರ್ತಿ ಕಪ್ಪು ಕಲಾವಿದರದ್ದು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಕಪ್ಪು ದಂಪತಿ ನಡೆಸುತ್ತಿದ್ದ ಒಂದು ರ‍್ಯಾಂಚಿನಲ್ಲಿ ಚಿತ್ರೀಕರಣ. ದೊಡ್ಡ ಸ್ಟುಡಿಯೋ ಇದನ್ನು ಮಾಡುತ್ತಿರಲಿಲ್ಲ. ಅಗ್ಗದ ಚಿತ್ರವಾದ್ದರಿಂದಲೇ ಸಾಧ್ಯವಾಯಿತು. ಜೆಫ್ರೀಸ್ 2014ರವರೆಗೂ ಬದುಕಿದ್ದ.

ಮೂಲನಿವಾಸಿಗಳ ವಿಷಯದಲ್ಲಿ ನಿಮ್ಮ ಮಾತು ಬಹುಪಾಲು ಸರಿ. ಆದರೂ 1949ರಲ್ಲಿ ಆಟ್ರಿ ಒಂದು ಚಿತ್ರ ಮಾಡಿದ. ಅದರಲ್ಲಿ ನವಾಹೋ ಜನ ಹಸಿವಿನಿಂದ ನರಳುತ್ತಿರುತ್ತಾರೆ, ಅವರನ್ನು ಸುಲಿಯುವ ಬಿಳಿಯ ವ್ಯಾಪಾರಿಯೇ ಖಳ. ಆಟ್ರಿ ಹೆಸರಿನ ಹತ್ತು ಸೂತ್ರಗಳ ‘ಕೌಬಾಯ್ ನೀತಿ’ಯಲ್ಲಿ, ಜನಾಂಗ ಧರ್ಮಗಳ ಹೆಸರಲ್ಲಿ ಅಸಹನೆ ಕೂಡದು ಎಂಬುದೂ ಒಂದು. ಆ ಮಾತನ್ನು ಅಂದಿನ ಅಮೆರಿಕದ ಮಕ್ಕಳು ಬಾಯಿಪಾಠ ಮಾಡುವುದು ಸಣ್ಣ ಸಂಗತಿಯಲ್ಲ.

ಸಿನಿಮಾ ಮೇಷ್ಟ್ರು

ಜೆಫ್ರೀಸ್ ಬಗ್ಗೆ ನನಗೆ ತಿಳಿದಿರಲಿಲ್ಲ. ಹುಡುಕಿ ನೋಡುತ್ತೇನೆ. ಉಳಿದ ವಾದವನ್ನು ನಾನು ಬಿಟ್ಟಿಲ್ಲ.

ಗಿಟಾರ್ ಗಣೇಶ

ವಾದ ಇರಲಿ, ಯೋಡ್ಲಿಂಗ್ ಬಗ್ಗೆ ಮಾತನಾಡೋಣ. ಎದೆಯ ದನಿಯಿಂದ ತಟ್ಟನೆ ಮೇಲಿನ ಕಳ್ಳದನಿಗೆ ಜಿಗಿಯುವ ಆ ಹಾಡುಗಾರಿಕೆ ಕೌಬಾಯ್‌ಗಳಿಗೆ ಬಂದದ್ದು ಬಹುಮಟ್ಟಿಗೆ ಜಿಮ್ಮಿ ರಾಡ್ಜರ್ಸ್‌ನಿಂದ. ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದವನು, 1927ರಲ್ಲಿ ಅವನ ಮೊದಲ ‘ಬ್ಲೂ ಯೋಡಲ್’ ಹಾಡಿನ ಧ್ವನಿಮುದ್ರಣವಾಯಿತು. ಆಟ್ರಿಯ ಮೊದಮೊದಲ ಗ್ರಾಮಫೋನ್ ತಟ್ಟೆಗಳನ್ನು ಕೇಳಿದರೆ ಅವನದೇ ನೆರಳು. ಅದೇ ರಾಡ್ಜರ್ಸ್‌ನ ತಟ್ಟೆಗಳನ್ನು ಕೇಳಿ ನಮ್ಮ ಕಿಶೋರ್ ಕುಮಾರ್ ಯೋಡ್ಲಿಂಗ್ ಹಿಡಿದರು. ಅಂದರೆ ಆಟ್ರಿಯೂ ಕಿಶೋರ್ ಕುಮಾರ್ ಅವರೂ ಒಂದೇ ಗುರುವಿನ ಏಕಲವ್ಯರು.

ಒನ್ಸ್ ಮೋರ್, ಗದಗ

ಹಾಗಾದರೆ ಹಿನ್ನೆಲೆ ಗಾಯನದ್ದೂ ಹೇಳಿ. ಜಾನ್ ವೇಯ್ನ್ ಕೂಡ ಹಾಡುವ ಕೌಬಾಯ್ ಆಗಿದ್ದ ಎಂದು ಎಲ್ಲೋ ಓದಿದ್ದೆ.

ಗಿಟಾರ್ ಗಣೇಶ

ಹೌದು, 1933ರಲ್ಲಿ. ಆದರೆ ದನಿ ಬೇರೆಯವರದ್ದು. ತುಟಿಯೂ ಬೆರಳೂ ಒಂದಕ್ಕೊಂದು ಕೂಡುವುದಿಲ್ಲ. ನಮ್ಮಲ್ಲಿ ಅದು ಗೌರವದ ಕಲೆಯಾಗಿ ಬೆಳೆಯಿತು, ಅಲ್ಲಿ ಬೆಳೆಯಲಿಲ್ಲ. ತಾನೇ ಹಾಡುವವನನ್ನು ಹುಡುಕಲು ಹೊರಟಾಗ ರೇಡಿಯೋ ಗಾಯಕ ಆಟ್ರಿ ಸಿಕ್ಕಿದ. ಕುದುರೆ ಸವಾರಿ ಬರದಿದ್ದರೆ ಕಲಿಸಬಹುದು, ಹಾಡು ಬರದಿದ್ದರೆ ಕಲಿಸುವುದು ಕಷ್ಟ.

ನಿವೃತ್ತ ಫಿಟ್ಟರ್, ಬೆಂಗಳೂರು

ನಾನು ಸಿನಿಮಾ ತಿಳಿದವನಲ್ಲ, ನನ್ನ ಮಗಳು ಇದನ್ನು ಓದಿ ಹೇಳಿದಳು. ಆಟ್ರಿ ಹೆಸರು ನನಗೆ ಗೊತ್ತಿರುವುದು ಬೇರೆ ಕಾರಣಕ್ಕೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯವರು ನೋಡಿಕೊಳ್ಳತೊಡಗಿದರು. ಯುದ್ಧವಿಮಾನಗಳನ್ನೂ ಸಿ-47 ಸಾಗಣೆ ವಿಮಾನಗಳನ್ನೂ ಇಲ್ಲಿ ಬಿಚ್ಚಿ ರಿಪೇರಿ ಮಾಡಿ ಕಳಿಸುತ್ತಿದ್ದರು. ನಮ್ಮ ತಂದೆ ಅಲ್ಲಿ ಎಂಜಿನ್ ವಿಭಾಗದಲ್ಲಿದ್ದರು. ಅಮೆರಿಕದ ಹುಡುಗರು ಕೆಲಸದ ನಡುವೆ ಹಾಡುತ್ತಿದ್ದ ಕೌಬಾಯ್ ಹಾಡುಗಳ ಧಾಟಿ ತಂದೆಯ ಬಾಯಲ್ಲಿ ಉಳಿದುಬಿಟ್ಟಿತ್ತು. ಪದ ಒಂದೂ ಗೊತ್ತಿಲ್ಲ, ಧಾಟಿ ಮಾತ್ರ. ಗಡ್ಡ ಹೆರೆದುಕೊಳ್ಳುವಾಗ ಸಿಳ್ಳೆ ಹಾಕುತ್ತಿದ್ದರು.

ಆಟ್ರಿ ಸ್ವತಃ ಸೇನೆ ಸೇರಿ, ಪೈಲಟ್ ಆಗಿ, ಹಿಮಾಲಯದ ಮೇಲಿಂದ ಭಾರತ–ಚೀನಾ ನಡುವೆ ಇಂಧನ, ಸಾಮಾನು ಸಾಗಿಸಿದ್ದರಂತೆ. ಅವರ ವಿಮಾನ ನಮ್ಮ ಕಾರ್ಖಾನೆಗೆ ಬಂದಿತ್ತು ಎಂದು ನಾನು ಹೇಳುತ್ತಿಲ್ಲ. ಆ ದಾರಿಯಲ್ಲಿ ಹಾರಿದ ವಿಮಾನಗಳು ಎಂಥವೆಂದು ನಮ್ಮ ತಂದೆಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬಿದ್ದ ವಿಮಾನಗಳಿಗೆ ಲೆಕ್ಕವಿಲ್ಲ. ಹಣ, ಹೆಸರು ಎಲ್ಲ ಇದ್ದವನು ಆ ದಾರಿಗೆ ಬಂದ ಎಂದಾಗ ತಂದೆ ಅವರನ್ನು ಸಿನಿಮಾದವರೆಂದು ಕರೆಯುತ್ತಿರಲಿಲ್ಲ, ಪೈಲಟ್ ಎನ್ನುತ್ತಿದ್ದರು.

ಹಳೆಯ ರೀಲು

ಯಜಮಾನರೇ, ನಿಮ್ಮ ನೆನಪು ಅಮೂಲ್ಯ. ಆಟ್ರಿ 1942ರಲ್ಲಿ ತನ್ನ ರೇಡಿಯೋ ಕಾರ್ಯಕ್ರಮದ ನೇರ ಪ್ರಸಾರದಲ್ಲೇ ಸೇನೆಗೆ ಸೇರುವ ಪ್ರಮಾಣ ಮಾಡಿದ್ದ. ಅವನು ಯುದ್ಧಕ್ಕೆ ಹೋದ ಆ ವರ್ಷಗಳಲ್ಲೇ ರೋಜರ್ಸ್ ಮೊದಲ ಸ್ಥಾನಕ್ಕೆ ಏರಿದ್ದು.

ಒಹಾಯೋ ಕನ್ನಡತಿ

ಸಿಳ್ಳೆಯ ಧಾಟಿ ಯಾವುದೆಂದು ನೆನಪಿದೆಯೇ? ನಿಮ್ಮ ಮಗಳ ಕೈಲಿ ಮೊಬೈಲಿನಲ್ಲಿ ಮುದ್ರಿಸಿ ಹಾಕಿಸಿ. ನಾವು ಕಂಡುಹಿಡಿಯುತ್ತೇವೆ.

ಬಂಡೆಗಲ್ಲು, ಲಾಸ್ ಏಂಜಲೀಸ್

ಹೋದ ಮಾರ್ಚ್‌ನಲ್ಲಿ ಲೋನ್ ಪೈನ್‌ಗೆ ಹೋಗಿದ್ದೆ, ಇಲ್ಲಿಂದ ಮೂರೂವರೆ ಗಂಟೆಯ ದಾರಿ. ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ ಈ ಚಿತ್ರಗಳು ಎಷ್ಟೋ ತಯಾರಾಗಿವೆ. ಕಿತ್ತಳೆ–ಕಂದು ಬಣ್ಣದ ಗುಂಡುಬಂಡೆಗಳು, ಅವುಗಳ ಹಿಂದೆ ಹಿಮ ಹೊತ್ತ ವಿಟ್ನಿ ಪರ್ವತ. ಕಾರಿನಿಂದ ಇಳಿದವನೇ ನನ್ನ ಹೆಂಡತಿಗೆ ಹೇಳಿದೆ: ಇದು ನಮ್ಮ ರಾಮನಗರ! ಹಿಂದಿನ ಹಿಮ ತೆಗೆದರೆ ರಾಮದೇವರ ಬೆಟ್ಟವೇ. ‘ಶೋಲೆ’ಗೆ ಅಂಥ ಜಾಗ ಹುಡುಕಿ ನಮ್ಮಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ. ಎರಡು ಬಂಡೆಗಳ ನಡುವಿನ ಸಂದಿಯೊಂದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಖಳರು ಯಾವಾಗಲೂ ಅಲ್ಲೇ ಅಡಗಿ ಕೂರುತ್ತಾರೆ. ಅಲ್ಲಿ ನಿಂತು ನಾನು ಹಾಡಿದೆ. ದನಿ ಬಂಡೆಗೆ ತಾಗಿ ಮರಳಿ ಬಂತು.

ಮುಂಗಾರು

ಯಾವ ಹಾಡು?

ಬಂಡೆಗಲ್ಲು, ಲಾಸ್ ಏಂಜಲೀಸ್

ರಾಜ್‌ಕುಮಾರ್ ಹಾಡು. ಬಾಯಿಗೆ ಬಂದದ್ದು ಅದೇ.

ತುಂಗಾತೀರ

ಒಂದು ದೂರು. ಅಂತರ್ಜಾಲದಲ್ಲಿ ಸಿಗುವ ಪ್ರತಿಗಳಲ್ಲಿ ಕಥೆ ಜಿಗಿಯುತ್ತದೆ. ಹಾಡು ಶುರುವಾಗುವ ಮೊದಲೇ ಮುಗಿಯುತ್ತದೆ. ಯಾಕೆ?

ಹಳೆಯ ರೀಲು

ಟೆಲಿವಿಷನ್ ಮಾಡಿದ ಗಾಯ ಅದು. 1950ರ ದಶಕದಲ್ಲಿ ಸ್ಟುಡಿಯೋ ಈ ಚಿತ್ರಗಳನ್ನು ಟಿವಿಗೆ ಮಾರಿತು. ಜಾಹೀರಾತು ಸೇರಿ ಒಂದು ಗಂಟೆಗೆ ಹೊಂದಬೇಕೆಂದು 70 ನಿಮಿಷದ ಚಿತ್ರವನ್ನೂ ಸುಮಾರು 53 ನಿಮಿಷಕ್ಕೆ ಕತ್ತರಿಸಿದರು. ಕತ್ತರಿ ಮೊದಲು ಬಿದ್ದದ್ದು ಹಾಡಿನ ಮೇಲೆ, ಏಕೆಂದರೆ ಹಾಡು ತೆಗೆದರೆ ಕಥೆ ಕೆಡುವುದಿಲ್ಲ ಎಂದು ಅವರ ಲೆಕ್ಕ. ಮಾರಾಟ ತಡೆಯಲು ರೋಜರ್ಸ್, ಆಟ್ರಿ ಇಬ್ಬರೂ ಕೋರ್ಟಿಗೆ ಹೋದರು. 1954ರಲ್ಲಿ ಮೇಲ್ಮನವಿಯಲ್ಲಿ ಇಬ್ಬರೂ ಸೋತರು. ರಿಪಬ್ಲಿಕ್‌ನ ಕೊನೆಯ ಹಾಡುವ ಕೌಬಾಯ್ ರೆಕ್ಸ್ ಆಲೆನ್‌ನ ಸರಣಿಯೂ ಅದೇ ವರ್ಷ ನಿಂತಿತು. ಆಟ್ರಿ ಮುಂದೆ ತನ್ನ ಚಿತ್ರಗಳನ್ನು ತಾನೇ ಕೈವಶ ಮಾಡಿಕೊಂಡದ್ದರಿಂದ ಅವನವು ಪೂರ್ಣವಾಗಿ, ಚೊಕ್ಕಟವಾಗಿ ಮತ್ತೆ ಬಂದವು. ರೋಜರ್ಸ್ ಚಿತ್ರಗಳಿಗೆ ಆ ಭಾಗ್ಯ ಅಷ್ಟಾಗಿ ಇಲ್ಲ. ಪ್ರತಿ ಆರಿಸುವಾಗ ಅವಧಿ ನೋಡಿ. 53–54 ನಿಮಿಷ ಎಂದಿದ್ದರೆ ಅನುಮಾನ ಪಡಿ.

ಕುದುರೆಗೊರಸು, ಶಿವಮೊಗ್ಗ

ಇದನ್ನು ಓದಿದ ಕೂಡಲೇ ಎದ್ದುಹೋಗಿ ನನ್ನಲ್ಲಿರುವ ಪಟ್ಟಿ ನೋಡಿದೆ. ನಾನು ಮೊನ್ನೆ ಹೇಳಿದ ಕುದುರೆಯ ಕಿವಿಯ ಚಿತ್ರ 54 ನಿಮಿಷದ್ದು. ಹಾಡು ಎರಡನೇ ಚರಣಕ್ಕೇ ನಿಂತುಹೋದಂತೆ ಆಗ ಅನ್ನಿಸಿತ್ತು. ಅಂದರೆ ಕುದುರೆ ಇನ್ನೂ ಕೇಳುತ್ತಿತ್ತು, ನನಗೆ ತೋರಿಸಲಿಲ್ಲ. ಪೂರ್ತಿ ಪ್ರತಿ ಯಾರಲ್ಲಾದರೂ ಇದ್ದರೆ ತಿಳಿಸಿ.

ಒಹಾಯೋ ಕನ್ನಡತಿ

ಅಜ್ಜಿಯ ಪೆಟ್ಟಿಗೆಯಲ್ಲಿ ಆಟ್ರಿಯದ್ದೂ ಇಪ್ಪತ್ತು ಇವೆ. ಚಿತ್ರದ ಹೆಸರು ಹೇಳಿ, ಈ ಭಾನುವಾರ ತೆಗೆದು ನೋಡುತ್ತೇನೆ.

ನಿವೃತ್ತ ಫಿಟ್ಟರ್, ಬೆಂಗಳೂರು

ಮಗಳು ಸಿಳ್ಳೆಯನ್ನು ಮುದ್ರಿಸಿಕೊಂಡಿದ್ದಾಳೆ. ನನಗೆ ಹಲ್ಲಿಲ್ಲ, ಗಾಳಿ ಹೆಚ್ಚು ಬರುತ್ತದೆ. ಧಾಟಿ ಸರಿಯಾಗಿದೆ. ನಾಳೆ ಹಾಕುತ್ತಾಳೆ.